ಗೋದಲಿಗೆ ಬೇಗ ಬಂದ ಕೂಸು

ಆಗೆಲ್ಲ ನಮ್ಮ ಹಂಪಾಪುರದ ಮಕ್ಕಳಿಗೆ ಕ್ರಿಸ್ಮಸ್ ಎಂದರೆ ಶಾಲೆಗೆ ಒಂದು ದಿನದ ರಜೆ, ಅಷ್ಟೇ. ಯಾಕೆ ರಜೆ, ಯಾರ ಹಬ್ಬ ಎಂದು ನಾವ್ಯಾರೂ ಕೇಳಿದವರಲ್ಲ. ಡಿಸೆಂಬರ್ ಬಂತೆಂದರೆ ರಾಗಿ ಕಣ, ಅವರೆಕಾಯಿಯ ಸೊಗಡು, ಬೆಳಿಗ್ಗೆ ಹಲ್ಲು ಕಟಕಟ ಎನ್ನಿಸುವ ಚಳಿ. ಆ ಚಳಿಯಲ್ಲಿ ಕಣದ ಹುಲ್ಲಿನ ಮೆದೆಯೊಳಗೆ ಗೂಡು ಮಾಡಿಕೊಂಡು ಕೂರುವುದೇ ನಮ್ಮ ದೊಡ್ಡ ಆಟ. ಹುಲ್ಲು ಚುಚ್ಚಿ ಮೈಯೆಲ್ಲ ನವೆಯೆದ್ದು, ಅವ್ವನ ಕೈಲಿ ಬೈಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚಿಸಿಕೊಳ್ಳುವುದು ಆಟದ ಕೊನೆಯ ಭಾಗ. ಮೈಸೂರಿಗೆ ದಸರೆ ಬಿಟ್ಟು ಇನ್ನೊಂದು ಹಬ್ಬವೂ ಇದೆ ಎನ್ನುವುದು ನನಗೆ ಗೊತ್ತಾದದ್ದು ನಾಲ್ಕನೇ ಕ್ಲಾಸಿನಲ್ಲಿದ್ದಾಗ.

ಗೊತ್ತಾಗಲು ಕಾರಣ ಅವ್ವನ ಬಸಿರು. ನನ್ನ ನಂತರ ಅವ್ವ ಎರಡು ಸಲ ಬಸುರಾಗಿ, ಎರಡು ಸಲವೂ ಎಂಟನೇ ತಿಂಗಳಲ್ಲೇ ಹೆತ್ತು, ಎರಡು ಕೂಸೂ ಉಳಿದಿರಲಿಲ್ಲ. ಏಳು ತಿಂಗಳಿಗೆ ಹುಟ್ಟಿದ್ದಾದರೂ ಬದುಕೀತು, ಎಂಟಕ್ಕೆ ಹುಟ್ಟಿದ್ದು ನಿಲ್ಲುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಸುತ್ತಲ ಊರುಗಳಿಗೆಲ್ಲ ಹೆಸರಾದ ಸೂಲಗಿತ್ತಿ. ತಾನು ಹೆರಿಗೆ ಮಾಡಿಸಿದವರು ಮೀಸೆ ಬಂದ ಮೇಲೆ ದಾರಿಯಲ್ಲಿ ಸಿಕ್ಕರೂ ನಿಲ್ಲಿಸಿ, "ನೀನು ಕಾಲು ಮುಂದಾಗಿ ಬಂದವ ಕಣ್ಲಾ" ಎಂದು ನಾಲ್ಕು ಜನರ ಮುಂದೆ ಮಾನ ಕಳೆಯುತ್ತಿದ್ದಳು. ಅಂಥವಳು ಆ ವರ್ಷ ಅವ್ವನಿಗೆ ಏಳು ತುಂಬುತ್ತಿದ್ದಂತೆ ಅಪ್ಪನನ್ನು ಜಗಲಿಗೆ ಕರೆದು ಕೂರಿಸಿಕೊಂಡಳು.

"ಎಲ್ಡೂ ನನ್ ಕೈಯಾಗೇ ಓದೊ. ಇದು ನನ್ ಕೈಗೆ ಬ್ಯಾಡ ಕಣಪ್ಪ. ಮೈಸೂರ್ಗೆ ಸೇರ್ಸು" ಎಂದಳು.

ಆ ಮಾತು ಅವಳ ಬಾಯಿಂದ ಎಷ್ಟು ಕಷ್ಟಪಟ್ಟು ಹೊರಟಿರಬೇಕು ಎಂದು ನನಗೆ ಈಗ ಅರ್ಥವಾಗುತ್ತದೆ. ಆಗ ಅರ್ಥವಾದದ್ದು ಒಂದೇ: ಮೈಸೂರಿಗೆ ಹೋಗುತ್ತೇವೆ, ಬಸ್ಸಿನಲ್ಲಿ ಕಿಟಕಿ ಪಕ್ಕ ನಾನು ಕೂರಬಹುದು.

ಮೈಸೂರಿನ ಆಸ್ಪತ್ರೆಯ ಡಾಕ್ಟರು ಅವ್ವನನ್ನು ಸೇರಿಸಿಕೊಂಡು, ಒಂಬತ್ತು ತುಂಬುವವರೆಗೆ ಮಂಚದಿಂದ ಇಳಿಯಲೇಕೂಡದು ಎಂದುಬಿಟ್ಟರು. ಅಜ್ಜಿ ಜೊತೆಗೆ ನಿಂತಳು. ಅಪ್ಪನಿಗೆ ಕಣದಲ್ಲಿ ರಾಗಿ ಒಕ್ಕಣೆ, ಮನೆಯಲ್ಲಿ ನನ್ನನ್ನು ನೋಡುವವರಿಲ್ಲ, ಹಾಗಾಗಿ ನಾನೂ ಅಲ್ಲೇ ಉಳಿದೆ. ಶಾಲೆ ತಪ್ಪಿತು ಎಂದು ನಾನೇನೂ ಅತ್ತುಕೊಳ್ಳಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಲೂರ್ದಮ್ಮ ಎನ್ನುವವರ ಮನೆಯ ಹಿತ್ತಲ ರೂಮು ನಮಗೆ ಸಿಕ್ಕಿತು. ಲೂರ್ದಮ್ಮ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಬಹಳ ವರ್ಷ ಅಡುಗೆ ಮಾಡಿ ಬಿಟ್ಟಿದ್ದ ವಿಧವೆ. ದಪ್ಪ ಕನ್ನಡಕ, ತೋಳಿನ ತುಂಬ ಹಳೆಯ ಸುಟ್ಟ ಗಾಯದ ಕಲೆ, ಯಾವಾಗಲೂ ಏನನ್ನೋ ಅಗಿಯುತ್ತಿರುವ ಬಾಯಿ. ಅವರ ಜೊತೆಗಿದ್ದದ್ದು ಮಗಳ ಮಗಳು ರೀಟಾ. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಆದರೆ ಮಾತಿನಲ್ಲಿ ಹತ್ತು ವರ್ಷಕ್ಕೆ ದೊಡ್ಡವಳು.

ಹೋದ ದಿನವೇ ಅಜ್ಜಿ ನಮ್ಮ ಹೊಲದ ರಾಗಿಯ ಗಂಟು ಬಿಚ್ಚಿದ್ದನ್ನು ಕಂಡು ಲೂರ್ದಮ್ಮ ಓಡಿಬಂದರು.

"ದೊಡ್ಡಮ್ಮ, ಒಂದು ಹಿಡಿ ಕೊಡ್ತೀರಾ? ಗೋದಲಿಗೆ ಬಿತ್ತಬೇಕು."

"ಗೋದ್ಲಿ ಅಂದ್ರೆ ಯಾವುರ್ ಕಡೀಕೆ ಬತ್ತದವ್ವ?" ಎಂದಳು ಅಜ್ಜಿ, ಯಾರದೋ ಜಮೀನಿನ ಹೆಸರೆಂದು ತಿಳಿದು.

ಲೂರ್ದಮ್ಮ ಬಿದ್ದು ಬಿದ್ದು ನಕ್ಕರು. ಗೋದಲಿ ಎಂದರೆ ಕೊಟ್ಟಿಗೆಯಲ್ಲಿ ದನಕ್ಕೆ ಮೇವು ಹಾಕುವ ಜಾಗ, ನೀವು ಗೊಂತು ಅನ್ನುತ್ತೀರಲ್ಲ ಅದೇ, ನಮ್ಮ ಯೇಸುಸ್ವಾಮಿ ಹುಟ್ಟಿದಾಗ ಮಲಗಿಸಿದ್ದು ಅಲ್ಲೇ, ಅದರ ಗೊಂಬೆ ಕೂರಿಸುತ್ತೇವೆ, ಸುತ್ತ ಹಸಿರಿಗೆ ರಾಗಿ ಮೊಳೆಸುತ್ತೇವೆ ಎಂದು ವಿವರಿಸಿದರು. ಅಜ್ಜಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಗೊಂತಲ್ಲಾ? ಅಸಿ ಕೂಸ್ನಾ? ಅಸ ನೆಕ್ಬುಟ್ರೆ ಏನ್ ಮಾಡೀರಿ? ಬಾಣಂತಿಗೆ ಒಂದು ಕ್ವಾಣೆ ಕೊಡೋರು ಗತಿ ಇರ್ನಿಲ್ವಾ ಆ ಊರಲ್ಲಿ?"

"ಇರಲಿಲ್ಲ ದೊಡ್ಡಮ್ಮ. ಅದೇ ಕಥೆ" ಎಂದರು ಲೂರ್ದಮ್ಮ.

ತಟ್ಟೆಗಳಲ್ಲಿ ಮಣ್ಣು ತುಂಬಿ ರಾಗಿ ಚೆಲ್ಲಿದೆವು. ನೀರು ಚಿಮುಕಿಸುವ ಕೆಲಸ ನನ್ನದಾಯಿತು. ಊರಿನಲ್ಲಿ ಹೊಲದ ಕಡೆ ಕತ್ತು ತಿರುಗಿಸದಿದ್ದ ನಾನು ಮೈಸೂರಿಗೆ ಬಂದು ನಾಲ್ಕು ತಟ್ಟೆ ರಾಗಿಯ ರೈತಳಾದೆ. ಐದನೇ ದಿನಕ್ಕೆ ಹಸಿರು ಸೂಜಿಗಳು ತಲೆಯೆತ್ತಿದಾಗ ಬೀದಿಯ ಮಕ್ಕಳನ್ನೆಲ್ಲ ಕರೆದು ತೋರಿಸಿದ್ದೆ.

ಆದರೆ ನಿಜವಾದ ಹುಚ್ಚು ಹಿಡಿಸಿದ್ದು ಕ್ರಿಸ್ಮಸ್ ಸಂತೆ. ಅದಕ್ಕೆ ಹಾಗೆಂದು ಹೆಸರಿರಲಿಲ್ಲ. ದೊಡ್ಡ ಚರ್ಚಿನ ರಸ್ತೆಯಲ್ಲಿ ಡಿಸೆಂಬರ್ ಎರಡನೇ ವಾರದಿಂದ ಫುಟ್‌ಪಾತಿನ ಉದ್ದಕ್ಕೂ ಅಂಗಡಿಗಳು ಏಳುತ್ತಿದ್ದವು, ಅದನ್ನೇ ನಾನು ಸಂತೆ ಎನ್ನುತ್ತಿದ್ದೆ. ಸಂಜೆ ಐದಾದರೆ ಸಾಕು, ರೀಟಾ ಜಡೆ ಹಾಕಿಸಿಕೊಂಡು ಸಿದ್ಧ. ಲೂರ್ದಮ್ಮ ಬಲಗೈಯಲ್ಲಿ ಅವಳನ್ನು, ಎಡಗೈಯಲ್ಲಿ ನನ್ನನ್ನು ಹಿಡಿದು ಹೊರಡುತ್ತಿದ್ದರು. ಮೂಲೆ ತಿರುಗುತ್ತಿದ್ದಂತೆ ಕಣ್ಣು ಎಲ್ಲಿಡಬೇಕೋ ತಿಳಿಯುತ್ತಿರಲಿಲ್ಲ. ಕಾಗದದ ನಕ್ಷತ್ರಗಳು, ಕೆಂಪು, ಹಳದಿ, ನೀಲಿ. ಮಡಿಸಿದಾಗ ಪಟ್ಟಿ ಪುಸ್ತಕದಷ್ಟೇ ಇರುವುದನ್ನು ಅಂಗಡಿಯವನು ಒಮ್ಮೆ ಕೊಡವಿ ಬಿಡಿಸಿದರೆ ಬುಟ್ಟಿಯಷ್ಟು ದೊಡ್ಡದಾಗಿ, ಒಳಗೆ ಬಲ್ಬು ಹಾಕಿದರೆ ತೂತುಗಳಿಂದ ಬೆಳಕು ಉದುರುತ್ತಿತ್ತು. ಜರಿಯ ಹಾರಗಳು, ಮುಟ್ಟಿದರೆ ಒಡೆದೀತು ಎನ್ನಿಸುವ ಗಾಜಿನ ಗುಂಡುಗಳು, ಗಂಟೆಗಳು, ಕೆಂಪು ಟೋಪಿಗಳು. ಒಂದು ಕಡೆ ಗೋದಲಿಯ ಗೊಂಬೆಗಳು ಸಾಲಾಗಿ ನಿಂತಿರುತ್ತಿದ್ದವು: ಕುರಿ, ಕತ್ತೆ, ಒಂಟೆ, ಪೇಟ ಸುತ್ತಿದ ಮೂವರು ರಾಜರು. ನಮ್ಮ ಕಡೆ ಇಲ್ಲದ ಒಂಟೆಯನ್ನು ಬಿಟ್ಟರೆ ಉಳಿದವರೆಲ್ಲ ನನಗೆ ಪರಿಚಯದವರಂತೆಯೇ ಕಂಡರು.

ವಾಸನೆಯ ಮಾತು ಬೇರೆಯೇ. ಬೇಕರಿಯಿಂದ ಬೆಣ್ಣೆ, ಏಲಕ್ಕಿ, ಸುಟ್ಟ ಸಕ್ಕರೆಯ ಗಮ. ಅದರ ಪಕ್ಕದಲ್ಲೇ ತಳ್ಳುಗಾಡಿಯಲ್ಲಿ ಹುರಿಯುತ್ತಿದ್ದ ಕಡಲೆಕಾಯಿ, ರಾಶಿ ಹಾಕಿದ ಅವರೆಕಾಯಿ. ಹಬ್ಬ ಯಾರದಾದರೂ ಇರಲಿ, ಡಿಸೆಂಬರಿನಲ್ಲಿ ಅವರೆಕಾಯಿ ತನ್ನ ಮೂಗು ತೂರಿಸದೆ ಬಿಡುವುದಿಲ್ಲ. ಮನೆಮನೆಯವರೂ ಹಿಟ್ಟು, ಮೊಟ್ಟೆ, ಸಕ್ಕರೆ, ದ್ರಾಕ್ಷಿ ಹೊತ್ತು ತಂದು ಬೇಕರಿಯ ಒಲೆಯಲ್ಲಿ ಕೇಕು ಸುಡಿಸಿಕೊಂಡು ಹೋಗಲು ಸಾಲುಗಟ್ಟಿ ನಿಲ್ಲುತ್ತಿದ್ದರು. ನಮ್ಮೂರಿನ ಹಿಟ್ಟಿನ ಗಿರಣಿಯ ಮುಂದೆ ನಿಂತಂತೆಯೇ, ಅದೇ ಜಗಳ, ಅದೇ ಊರ ಸುದ್ದಿ.

ಒಂದು ಸಂಜೆ ಅಜ್ಜಿಯನ್ನೂ ಎಳೆದುಕೊಂಡು ಹೋದೆವು. ಸರ್ವೆ ಕೊಂಬೆಗೆ ಗಾಜಿನ ಗುಂಡು ಕಟ್ಟಿ ನಿಲ್ಲಿಸಿದ್ದ ಅಂಗಡಿಯ ಮುಂದೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು. "ಸೌದೆಗಾಕೋ ಸರ್ವೆಗೆ ಒಡವೆ ಇಕ್ಕವ್ರಲ್ಲವ್ವ!" ಮುಂದೆ ಹೋದರೆ, ಗೋದಲಿಯ ಮಾಡಿನ ಮೇಲೆ ಹತ್ತಿ ಹರಡಿದ್ದರು. ಅದು ಹಿಮ ಎಂದು ರೀಟಾ ಹೇಳಿದಳು. ಹಿಮವನ್ನು ರೀಟಾಳೂ ನೋಡಿರಲಿಲ್ಲ, ಅಂಗಡಿಯವನೂ ನೋಡಿರಲಿಲ್ಲ. ಅಜ್ಜಿಗೆ ಮಾತ್ರ ಹೊಟ್ಟೆ ಉರಿಯಿತು. "ಒಳ್ಳೆ ಅತ್ತಿಯ ಮಾಡಿನ್ ಮ್ಯಾಕೆ ಆಳ್ ಮಾಡ್ತವ್ರೆ. ಬಾಣಂತಿ ಕಿವಿಗಾಯ್ತಿತ್ತು" ಎಂದು, ಅಲ್ಲೇ ಒಂದು ಉಂಡೆ ಹತ್ತಿ ಕೊಂಡು ಸೆರಗಿಗೆ ಕಟ್ಟಿಕೊಂಡಳು.

ನೋಡಿದ್ದನ್ನೆಲ್ಲ ಮರುದಿನ ಆಸ್ಪತ್ರೆಯಲ್ಲಿ ಅವ್ವನಿಗೆ ಒಪ್ಪಿಸುವುದು ನನ್ನ ಕೆಲಸ. ವಾರ್ಡಿನಲ್ಲಿ ಫಿನೈಲ್ ವಾಸನೆ. ಅವ್ವ ಗೋಡೆಯ ಕಡೆಯ ಮಂಚದಲ್ಲಿ ಕಾಲ ಕೆಳಗೆ ಇಟ್ಟಿಗೆಯಷ್ಟು ದಿಂಬು ಇಟ್ಟುಕೊಂಡು ಮಲಗಿರುತ್ತಿದ್ದಳು. ಸಂತೆಯಲ್ಲಿ ಕ್ರಿಸ್ಮಸ್ ತಾತನ ವೇಷದವನು ತಮಟೆಗೆ ಕುಣಿದದ್ದನ್ನು ನಾನು ಕುಣಿದೇ ತೋರಿಸಿದರೆ ಅವ್ವ ಹೊಟ್ಟೆ ಹಿಡಿದುಕೊಂಡು, "ನಗಿಸ್ಬ್ಯಾಡ ಕಣ್ಮಗ, ಅಲ್ಲಾಡ್ಬ್ಯಾಡ ಅಂದವ್ರೆ ಡಾಕುಟ್ರು" ಎನ್ನುತ್ತಿದ್ದಳು. ಆದರೆ ನಾನು ಹೊರಟಾಗ ಅವಳ ಮುಖ ಬದಲಾಗುತ್ತಿತ್ತು. ಬಾಗಿಲಲ್ಲಿ ತಿರುಗಿ ನೋಡಿದರೆ ಅವಳು ಸೂರನ್ನು ನೋಡುತ್ತಾ ಬೆರಳು ಮಡಿಸಿ ದಿನ ಎಣಿಸುತ್ತಿರುತ್ತಿದ್ದಳು. ನಾನು ಸಂತೆಯಲ್ಲಿ ಕುಣಿಯುವುದು, ಅವಳು ಇಲ್ಲಿ ಮಲಗಿರುವುದು ಸರಿಯಲ್ಲ ಎಂದು ಅನ್ನಿಸುತ್ತಿತ್ತು. ಆದರೂ ಐದು ಗಂಟೆಯಾದರೆ ಕಾಲು ನಿಲ್ಲುತ್ತಿರಲಿಲ್ಲ.

ಹದಿನೆಂಟಕ್ಕೋ ಹತ್ತೊಂಬತ್ತಕ್ಕೋ ಲೂರ್ದಮ್ಮ ಗೋದಲಿ ಕಟ್ಟಿದರು. ಹಜಾರದ ಮೂಲೆಯಲ್ಲಿ ಹಲಗೆಯ ಕೊಟ್ಟಿಗೆ. ಕಂದು ಕಾಗದವನ್ನು ಮುದುಡಿ, ಇದ್ದಿಲು ಬಳಿದು ಮಾಡಿದ ಬಂಡೆಗಳು. ಸುತ್ತಲೂ ನನ್ನ ರಾಗಿ ಪೈರು. ಒಂದು ಕೊಂಬು ಮುರಿದ ಹಸು, ಕತ್ತೆ, ಕೋಲು ಹಿಡಿದ ಜೋಸೆಫರು, ನೀಲಿ ಸೆರಗಿನ ಮರಿಯಮ್ಮ. ಮಂಡಿಯೂರಿ, ಕೈ ಜೋಡಿಸಿ, ಬಗ್ಗಿ ನೋಡುತ್ತಿದ್ದಳು ಮರಿಯಮ್ಮ. ಅವಳು ನೋಡುತ್ತಿದ್ದ ಕಡೆ ಒಂದು ಸಣ್ಣ ಗೊಂತು, ಅದರಲ್ಲಿ ಹುಲ್ಲು ಮಾತ್ರ.

"ಕೂಸೆಲ್ಲಿ?" ಎಂದೆ.

"ಇನ್ನೂ ಹುಟ್ಟಿಲ್ಲ ಕಣೇ" ಎಂದಳು ರೀಟಾ. "ಇಪ್ಪತ್ನಾಲ್ಕಕ್ಕೆ ಇಡೋದು. ಅಲ್ಲೀ ತನಕ ಬೀರುಲಿರತ್ತೆ. ಈ ಸಲ ಇಡೋ ಸರದಿ ನಂದು. ನಂಗೆ ಹತ್ತು ತುಂಬಿತಲ್ಲ."

ಆ ಮನೆಯಲ್ಲಿ ಮಕ್ಕಳಿಗೆ ಹತ್ತು ತುಂಬಿದ ವರ್ಷ ಬಾಲಯೇಸುವನ್ನು ಅವರ ಕೈಯಿಂದ ಇಡಿಸುತ್ತಿದ್ದರಂತೆ. ರೀಟಾ ಅದಕ್ಕೆಂದು ಬಿಳಿ ಫ್ರಾಕು ಹೊಲಿಸಿಕೊಂಡಿದ್ದಳು. ಹತ್ತಾರು ಸಲ ತೆಗೆದು ತೋರಿಸಿ, ನನ್ನ ಕೈ ತೊಳೆಸಿ ಮುಟ್ಟಿಸಿದ್ದಳು.

ಎರಡು ದಿನ ಕಳೆದು, ಒಂದು ಮಧ್ಯಾಹ್ನ ನಾನೊಬ್ಬಳೇ ಮನೆಯಲ್ಲಿದ್ದೆ. ರೀಟಾ ಶಾಲೆಗೆ, ಅಜ್ಜಿ ಆಸ್ಪತ್ರೆಗೆ, ಲೂರ್ದಮ್ಮ ಕೇಕಿನ ಹಿಟ್ಟು ಹೊತ್ತು ಬೇಕರಿಗೆ. ಹಿಂದಿನ ದಿನ ಕರಿದಿಟ್ಟಿದ್ದ ಕಲ್ಕಲವನ್ನು ಬಾಯಿಗೆ ಹಾಕಿಕೊಳ್ಳುತ್ತಾ ಪೈರಿಗೆ ನೀರು ಚಿಮುಕಿಸುತ್ತಿದ್ದೆ. ಶಂಖದ ಹುಳುವಿನಂತೆ ಸುರುಳಿ ಸುತ್ತಿದ ಆ ಸಿಹಿ ತಿಂಡಿ ಒಂದು ತಿಂದರೆ ನಿಲ್ಲಿಸುವ ಹಾಗಿರಲಿಲ್ಲ. ಬಗ್ಗಿ ಏಳುವಾಗ ಮರಿಯಮ್ಮನ ಮುಖ ನನ್ನ ಮುಖದ ಸಮಕ್ಕೆ ಬಂತು. ಅವಳು ಬರಿಯ ಹುಲ್ಲನ್ನು ನೋಡುತ್ತಿದ್ದಳು.

ಹಿಂದಿನ ಸಲದ ಕೂಸು ಹೋದ ಮೇಲೆ ನಮ್ಮ ಮನೆಯ ತೊಲೆಗೆ ಕಟ್ಟಿದ್ದ ಸೀರೆಯ ಜೋಲಿಯನ್ನು ಯಾರೂ ಬಿಚ್ಚಿರಲಿಲ್ಲ. ಅವ್ವ ಗೋಡೆಗೊರಗಿ ಅದನ್ನೇ ನೋಡುತ್ತಾ ಕೂತಿರುತ್ತಿದ್ದಳು. ಊಟಕ್ಕೆ ಕರೆದರೆ "ಬತ್ತೀನಿ" ಎನ್ನುತ್ತಿದ್ದಳು, ಬರುತ್ತಿರಲಿಲ್ಲ. ಗಾಳಿಗೆ ಜೋಲಿ ಅಲ್ಲಾಡಿದರೆ ಎದ್ದು ಹೋಗಿ ಒಳಗೆ ಇಣುಕುತ್ತಿದ್ದಳು. ಕೊನೆಗೆ ಅಜ್ಜಿ ಒಂದು ದಿನ ಸ್ಟೂಲು ಹತ್ತಿ ಅದನ್ನು ಬಿಚ್ಚಿದ್ದಳು.

ಮರಿಯಮ್ಮನದೂ ಅದೇ ನೋಟ ಎನ್ನಿಸಿತು. ಇನ್ನೂ ನಾಲ್ಕು ದಿನ ಹೀಗೇ ನೋಡುತ್ತಾ ಕೂತಿರಬೇಕಲ್ಲ ಎಂದು ನನಗೆ ತಡೆಯಲಾಗಲಿಲ್ಲ. ಬೀರುವಿನ ಬೀಗದ ಕೈ ಎಲ್ಲಿರುತ್ತದೆಂದು ರೀಟಾಳೇ ತೋರಿಸಿದ್ದಳು. ಬಿಸ್ಕತ್ತಿನ ಡಬ್ಬಿಯೊಳಗೆ, ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಕೂಸನ್ನು ತೆಗೆದು ಹುಲ್ಲಿನ ಮೇಲೆ ಮಲಗಿಸಿದೆ. ಅಂಗೈಯಗಲ, ಕೈ ಎರಡೂ ಚಾಚಿಕೊಂಡ ಸುಣ್ಣದ ಗೊಂಬೆ. ಈಗ ಸರಿಯಾಯಿತು ಎನ್ನಿಸಿತು. ರೀಟಾಳ ಸರದಿಯ ನೆನಪೇ ನನಗಾಗಲಿಲ್ಲ. ಇನ್ನೆರಡು ಕಲ್ಕಲ ತಿಂದು ಹಿತ್ತಲಿಗೆ ಹೋದೆ.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ ದಾಪುಗಾಲು ಹಾಕುತ್ತಾ ಬಂದಳು. ಅವಳು ಹಾಗೆ ನಡೆದದ್ದನ್ನು ನಾನು ನೋಡಿರಲಿಲ್ಲ.

"ಲೂರ್ದವ್ವ, ನೋವು ಸುರುವಾಯ್ತು. ಎಂಟೂ ತುಂಬಿಲ್ಲ ಕಣವ್ವ, ಎಂಟೂ ತುಂಬಿಲ್ಲ" ಎನ್ನುತ್ತಾ ಹಳೆಯ ಬಟ್ಟೆಗಳ ಗಂಟು ಕಟ್ಟಿಕೊಂಡಳು. ರೀಟಾಳನ್ನು ಕರೆದುಕೊಂಡು ಬೇಕರಿಯಿಂದ ಆಗಷ್ಟೇ ಬಂದಿದ್ದ ಲೂರ್ದಮ್ಮ ಶಾಲು ಹೊದ್ದು ಅವಳ ಜೊತೆಗೆ ಹೊರಟರು. ಗೋದಲಿಯ ಕಡೆ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ನಾನು ಮಾತ್ರ ನೋಡಿದೆ. ನಾಲ್ಕು ದಿನ ಮುಂಚೆ ಬಂದು ಮಲಗಿತ್ತು ಕೂಸು, ನಾನೇ ತಂದು ಮಲಗಿಸಿದ್ದೆ. ಒಂಬತ್ತು ವರ್ಷದ ತಲೆಗೆ ಅದಕ್ಕಿಂತ ಹೆಚ್ಚಿನ ಲೆಕ್ಕ ಬೇಕಿರಲಿಲ್ಲ.

ಬೆಳಿಗ್ಗೆಯಾದರೂ ಸುದ್ದಿಯಿಲ್ಲ. ರೀಟಾ ಇನ್ನೂ ಎದ್ದಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಕೇಳಿ ಲೂರ್ದಮ್ಮ ವಾಪಸು ಬಂದಿದ್ದಾರೆಂದು ಗೊತ್ತಾಯಿತು. ಅವರು ಬರುವುದರೊಳಗೆ ಕೂಸನ್ನು ಡಬ್ಬಿಗೆ ಸೇರಿಸಿಬಿಡಬೇಕು ಎಂದು ಗೋದಲಿಯೊಳಗೆ ಕೈ ಹಾಕಿದೆ.

"ಏನ್ ಮಾಡ್ತಿದ್ದೀಯಮ್ಮ?"

ಹಿಂದೆಯೇ ನಿಂತಿದ್ದರು, ಕೈಯಲ್ಲಿ ಗಂಜಿಯ ಕ್ಯಾರಿಯರ್. ನನ್ನ ಅಳು ಕಟ್ಟೆಯೊಡೆಯಿತು.

"ನಾನೇ ಬೇಗ ಇಟ್ಬುಟ್ಟೆ ಲೂರ್ದಮ್ಮಜ್ಜಿ. ಅದ್ಕೇ ಅವ್ವಂಗೂ ಬೇಗ ಬತ್ತಾ ಅದೆ. ಒಳೀಕ್ ಇಟ್ಬುಟ್ರೆ ನಿಂತೋಯ್ತದೆ. ಇಟ್ಬುಡ್ತೀನಿ, ಬುಡಿ."

ಲೂರ್ದಮ್ಮ ಕೂಸನ್ನೂ ನನ್ನನ್ನೂ ನೋಡಿದರು. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಇಪ್ಪತ್ತನಾಲ್ಕಕ್ಕೆ ಮುಂಚೆ ಅದನ್ನು ಹೊರಗೆ ತೆಗೆಯದವರು ಅವರು. ಬೈಯುತ್ತಾರೆ ಎಂದುಕೊಂಡೆ. ಕ್ಯಾರಿಯರನ್ನು ನೆಲಕ್ಕಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ನನ್ನ ಪಕ್ಕದಲ್ಲಿ ಕೂತರು.

"ತೆಗೀಬೇಡ" ಎಂದರು. "ಬಂದ ಮಗೂನ ಯಾರಾದ್ರೂ ವಾಪಸ್ ಕಳಿಸ್ತಾರಾ? ನೀನು ಇಟ್ಟಿದ್ದಕ್ಕೆ ಅಲ್ಲಿ ನೋವು ಬರಲಿಲ್ಲ ಕಣಮ್ಮ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದ್ರೆ ಬಂದಾಯ್ತಲ್ಲ, ಇನ್ನು ಬೆಚ್ಚಗಿಟ್ಕೊಳ್ಳೋದು ನಮ್ಮ ಕೆಲಸ. ಚಳಿ ನೋಡು ಹೇಗಿದೆ. ಹತ್ತಿ ತಗೊಂಡು ಬಾ."

ಅಜ್ಜಿ ಕೊಂಡಿದ್ದ ಹತ್ತಿಯ ಉಂಡೆಯಿಂದ ಒಂದಿಷ್ಟು ಹಿಂಜಿ ಕೂಸಿನ ಕೆಳಗೂ ಮೇಲೂ ಹಾಸಿದೆವು. "ಅವ್ವಂಗೆ ಯೋಳ್ಬೇಡಿ" ಎಂದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಣ್ಣೊರೆಸಿ, ಕ್ಯಾರಿಯರ್ ಎತ್ತಿಕೊಂಡು ಆಸ್ಪತ್ರೆಗೆ ಹೋದರು.

ರೀಟಾ ಎದ್ದು ಗೋದಲಿ ನೋಡಿದ್ದೇ ಕಿಟಾರನೆ ಕಿರುಚಿದಳು. ನಾನೇ ಇಟ್ಟದ್ದೆಂದು ಹೇಳಿದ್ದಕ್ಕೆ ನನ್ನ ಜಡೆ ಹಿಡಿದು ಎಳೆದಳು, ನಾನು ಎಳೆಸಿಕೊಂಡೆ. ಬಿಳಿ ಫ್ರಾಕನ್ನು ಟ್ರಂಕಿನ ತಳಕ್ಕೆ ತುರುಕಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಸಿಟ್ಟಿನಲ್ಲಿ ತಪ್ಪೇನಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಜ್ಜಿ ಮತ್ತು ಲೂರ್ದಮ್ಮ ಒಟ್ಟಿಗೆ ಬಂದರು. ಅಜ್ಜಿಯ ಕೂದಲು ಕೆದರಿತ್ತು.

"ಹೆಣ್ಕೂಸು" ಎಂದಳು. "ಮೊರದಲ್ಲಿಟ್ರೆ ಜಾರೋಗಂಗೆ ಅದೆ. ಆದ್ರೆ ಅತ್ತದೆ ಕಣವ್ವ. ಅವೆರಡೂ ಅಳ್ನೇ ಇಲ್ಲ. ಇದು ಅತ್ತದೆ. ಗಾಜಿನ್ ಪೆಟ್ಟಿಗೇಲಿ ಬೆಚ್ಗೆ ಮಡಗವ್ರೆ."

ಉಳಿಯುತ್ತದೋ ಇಲ್ಲವೋ ಎಂದು ಮಾತ್ರ ಹೇಳಲಿಲ್ಲ. ಸುಸ್ತಾಗಿ ಹಜಾರದಲ್ಲಿ ಕಾಲು ಚಾಚಿದವಳ ಕಣ್ಣು ಗೋದಲಿಯ ಮೇಲೆ ಬಿತ್ತು.

"ಅಲ್ಲಾ, ಇದು ಇಪ್ಪತ್ನಾಕಕ್ಕೆ ಅಂದಿದ್ರಲ್ಲ?"

"ಈ ವರ್ಷ ಬೇಗ ಬಂತು ದೊಡ್ಡಮ್ಮ" ಎಂದರು ಲೂರ್ದಮ್ಮ.

ಅಜ್ಜಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಏನೂ ಕೇಳದೆ ತೆವಳಿಕೊಂಡು ಗೋದಲಿಯ ಮುಂದೆ ಹೋಗಿ ಕೂತು, ತನಗೆ ಗೊತ್ತಿದ್ದ ಕೆಲಸ ಶುರುಮಾಡಿದಳು. "ಕೂಸ್ಗೇನೋ ಒದ್ಸಿದಿರಿ. ಬಾಣಂತಿ? ಕಿವೀಗತ್ತಿ ಇಲ್ಲ, ತಲೆಗ್ ಬಟ್ಟೆ ಇಲ್ಲ, ನೆಲದ್ ಮ್ಯಾಲ್ ಮಂಡಿ ಊರ್ಕಂಡವ್ಳೆ. ಸೀತ ಆದ್ರೆ ಯಾರ್ ನೋಡೋರು?" ಎನ್ನುತ್ತಾ ಹತ್ತಿಯನ್ನು ಕಡಲೆಯಷ್ಟು ಉರುಟಿ ಮರಿಯಮ್ಮನ ಕಿವಿಗಳ ಹತ್ತಿರ ಅಂಟಿಸಿ, ತನ್ನ ಹಳೆಯ ಸೀರೆಯ ಅಂಚು ಹರಿದು ತಲೆಗೆ ಬಿಗಿಯಾಗಿ ಕಟ್ಟಿದಳು. ಬೆರಳಿಗೆ ದೀಪದ ಮಸಿ ಹಚ್ಚಿಕೊಂಡು ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ಜೋಸೆಫರನ್ನು ಎತ್ತಿ ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿದಳು. ಗಂಡಸರು ಆ ಹೊತ್ತಿನಲ್ಲಿ ಹೊರಗಿರಬೇಕಂತೆ. ಲೂರ್ದಮ್ಮ ನಗುತ್ತಾ ಅಳುತ್ತಾ ಎಲ್ಲವನ್ನೂ ನೋಡುತ್ತಿದ್ದರು, ಯಾವುದಕ್ಕೂ ಬೇಡ ಎನ್ನಲಿಲ್ಲ.

ಆಮೇಲಿನ ಮೂರು ದಿನ ಗೋದಲಿ ನೋಡಲು ಬಂದ ನೆರೆಹೊರೆಯವರೆಲ್ಲ ಮುಖ ಮುಖ ನೋಡಿಕೊಂಡರು. "ಏನ್ ಲೂರ್ದಮ್ಮ, ಇನ್ನೂ ಇಪ್ಪತ್ತೆರಡು, ಆಗ್ಲೇ ಬಾಲಯೇಸುನ ಇಟ್ಬಿಟ್ಟಿದ್ದೀರ? ಮರಿಯಮ್ಮಂಗೇನು ಕಿವಿನೋವಾ?" ಎಂದು ಆಡಿಕೊಂಡರು. ಲೂರ್ದಮ್ಮನದು ಒಂದೇ ಉತ್ತರ: "ಈ ವರ್ಷ ಬೇಗ ಬಂತು, ಏನ್ಮಾಡೋದು. ಕಲ್ಕಲ ತಗೊಳ್ಳಿ."

ಇಪ್ಪತ್ತನಾಲ್ಕರ ಸಂಜೆ ಮತ್ತೆ ಸಂತೆಗೆ ಹೋದೆವು. ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದ ರೀಟಾ ನಕ್ಷತ್ರದ ಅಂಗಡಿಯ ಮುಂದೆ ತಾನಾಗಿಯೇ ನನ್ನ ಕೈ ಹಿಡಿದಳು. "ನನ್ನ ಸರದಿ ತಿಂದ್ಯಲ್ಲ, ಅದಕ್ಕೆ ನಿನ್ನ ತಂಗಿಗೆ ಹೆಸರು ನಾನಿಡ್ತೀನಿ. ತಾರಾ. ಬೇರೆ ಇಟ್ರೆ ನೋಡು." ಮರುದಿನ ಅವಳು ಆ ಬಿಳಿ ಫ್ರಾಕನ್ನೇ ಹಾಕಿಕೊಂಡು ಚರ್ಚಿಗೆ ಬಂದಳು. ಅಜ್ಜಿ ಕಂಬದ ಪಕ್ಕ ನಿಂತು, ತಾನು ಬಲ್ಲ ಮಾದಪ್ಪನ ಹೆಸರಲ್ಲೇ ಕೈ ಮುಗಿದಳು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಒಬ್ಬ ನರ್ಸು ಹಬ್ಬದ ದಿನವೆಂದು ನನ್ನನ್ನು ಎತ್ತಿ ಹಿಡಿದು ಗಾಜಿನಾಚೆ ತೋರಿಸಿದರು.

ನನ್ನ ಹೆಬ್ಬೆರಳಿನಷ್ಟು ಪಾದ. ಮೂಗಿಗೊಂದು ಕೊಳವೆ. ಎರಡೂ ಕೈ ಚಾಚಿಕೊಂಡು ಮಲಗಿದ್ದಳು, ಎದೆ ಏರಿಳಿಯುತ್ತಿತ್ತು. ಅದು ನಿಂತುಬಿಟ್ಟೀತೆಂದು ನಾನು ಕಣ್ಣು ಮಿಟುಕಿಸದೆ ನೋಡಿದೆ. ನಿಲ್ಲಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ತಾರಾಳನ್ನು ಹತ್ತಿಯಲ್ಲಿ ಸುತ್ತಿಕೊಂಡು ಊರಿಗೆ ಬಂದೆವು. ಆಮೇಲೆ ಬಹಳ ವರ್ಷ, ಡಿಸೆಂಬರ್ ಬಂತೆಂದರೆ ಹೊಸ ರಾಗಿ, ಅವರೆಕಾಯಿ ಹೊತ್ತು ಲೂರ್ದಮ್ಮನ ಮನೆಗೆ ಹೋಗುವುದು ನಮ್ಮ ಮನೆಯ ವಾಡಿಕೆಯಾಯಿತು. ಮರಿಯಮ್ಮನ ತಲೆಗೆ ಬಟ್ಟೆ ಕಟ್ಟುವುದನ್ನು ಅವರು ಮತ್ತೆ ಬಿಡಲೇ ಇಲ್ಲ. ಮೊದಲು ಅಜ್ಜಿ ಹೋದಳು, ಎರಡು ವರ್ಷಕ್ಕೆ ಲೂರ್ದಮ್ಮ ಹೋದರು. ಮನೆ ಮಾರಾಟವಾಗಿ ಅಲ್ಲೀಗ ಲ್ಯಾಬೊಂದು ಎದ್ದಿದೆ. ರೀಟಾ ಮದುವೆಯಾಗಿ ಕೊಳ್ಳೇಗಾಲದಲ್ಲಿದ್ದಾಳೆ, ಹಬ್ಬಕ್ಕೆ ಫೋನು ಮಾಡುತ್ತಾಳೆ, ಬೇಗ ಇಡುತ್ತಾಳೆ.

ನಾನು ಹುಣಸೂರಿನಲ್ಲಿ ಟೀಚರ್ ಕೆಲಸದಲ್ಲಿದ್ದೇನೆ. ಈಗ ಹುಣಸೂರಿನಲ್ಲೂ ಸರಗೂರಿನಲ್ಲೂ ಫ್ಯಾನ್ಸಿ ಸ್ಟೋರುಗಳ ಮುಂದೆ ಕ್ರಿಸ್ಮಸ್ ನಕ್ಷತ್ರ ತೂಗುತ್ತದೆ. ನನ್ನ ಶಾಲೆಯ ಮಕ್ಕಳಿಗೆ ಅದೊಂದು ಬೆರಗೇ ಅಲ್ಲ. ಹೋದ ಡಿಸೆಂಬರಿನಲ್ಲಿ ತಾರಾ ತಾನೇ ಕಾರು ಓಡಿಸಿಕೊಂಡು ಬಂದು ಅವ್ವನನ್ನೂ ನನ್ನನ್ನೂ ಮೈಸೂರಿನ ಆ ರಸ್ತೆಗೆ ಕರೆದೊಯ್ದಳು. ಬೆಳಕು ಹತ್ತರಷ್ಟಾಗಿದೆ, ಜನ ನೂರರಷ್ಟು. ಕೇಕು ಪೆಟ್ಟಿಗೆಯಲ್ಲೇ ಬರುತ್ತದೆ, ಹಿಟ್ಟು ಹೊತ್ತು ಸಾಲು ನಿಲ್ಲುವವರಿಲ್ಲ. ನಾವು ಮೂವರೂ ಚೆನ್ನಾಗಿಯೇ ಸುತ್ತಿದೆವು, ತಾರಾ ಕೆಂಪು ಟೋಪಿ ಕೊಂಡು ಅವ್ವನ ತಲೆಗೆ ಹಾಕಿ ಫೋಟೋ ತೆಗೆದಳು. ಆಮೇಲೆ ಅವಳು ಜ್ಯೂಸು ತರಲು ಹೋದಾಗ, ಒಂದು ಕಲ್ಲು ಬೆಂಚಿನ ಮೇಲೆ ಅವ್ವನ ಪಕ್ಕ ಕೂತು, ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ. ಬೇಗ ಇಟ್ಟದ್ದು, ಹೆದರಿದ್ದು, ಈಗಲೂ ತಾರಾಗೆ ಜ್ವರ ಬಂದರೆ ಒಂದು ಗಳಿಗೆ ನನ್ನಿಂದಲೇ ಎನ್ನಿಸುವುದು.

ಅವ್ವ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ನಂಗ್ ಗೊತ್ತು" ಎಂದಳು. "ಲೂರ್ದವ್ವ ಗಂಜಿ ತಂದಾಗ್ಲೇ ನನ್ ಕಿವೀಲಿ ಯೋಳುದ್ರು. 'ನಿನ್ ಮಗಳು ಅಲ್ಲಿ ಕೂಸ್ನ ಮಲಗಿಸಿ ಕಾಯ್ತಾ ಕೂತವ್ಳೆ, ನೀನು ಇಲ್ಲಿ ಕೈ ಬುಡ್ಬ್ಯಾಡ' ಅಂದ್ರು. ಅಷ್ಟೊತ್ಗೆ ನಾನು ಬುಟ್ಬುಟ್ಟಿದ್ದೆ ಕಣ್ಮಗ. ಇದೂ ಅವೆರಡರಂಗೇ ಅಂತ ಕಣ್ ಮುಚ್ಕಂಡಿದ್ದೆ. ಆ ಮಾತ್ ಕೇಳಿ ಉಸ್ರು ಕಟ್ಟಿ ಮುಕ್ಕುದ್ದು, ಕೂಸು ಈಚೀಗ್ ಬಂತು."

ಲೂರ್ದಮ್ಮನಿಗೆ ಗೊತ್ತಿತ್ತು, ಅಜ್ಜಿಗೆ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಹಬ್ಬಕ್ಕೆ ಹೋದ ವರ್ಷಗಳಲ್ಲೆಲ್ಲ ಮೂವರೂ ಒಟ್ಟಿಗೆ ಕೂತು ಕಲ್ಕಲ ತಿನ್ನುತ್ತಾ ನನ್ನ ಮುಖ ನೋಡಿದ್ದಾರೆ, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಇಷ್ಟು ವರ್ಷ ಯಾಕವ್ವ ಯೋಳ್ನಿಲ್ಲ?" ಎಂದೆ.

"ನೀನೇ ಯೋಳ್ತೀಯ ಅಂತ ಕಾಯ್ತಿದ್ದೊ" ಎಂದಳು ಅವ್ವ.

ಹಾಗೆ ಕಾಯುತ್ತಿದ್ದವರು ಮೂವರು. ಈಗ ಅವ್ವ ಒಬ್ಬಳೇ ಉಳಿದಿದ್ದಾಳೆ.